ಬೈಲಿನಲ್ಲಿ ಹುಟ್ಟಿದ ಲೀಗ್

ಕನ್ನಡ ಶಾಲೆಯಲ್ಲಿ ಕಲಿತವರು ಫುಟ್ಬಾಲಿಗೆ ಇಷ್ಟು ಹುಚ್ಚರಾಗುವುದು ಹೇಗೆ ಅಂತ ಕೇಳಿದಿರಲ್ಲ, ಹೇಳುತ್ತೇನೆ. ನಾನು ಕಾಸರಗೋಡಿನ ಕುಂಬಳೆ ಕಡೆಯವನು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಹೋಯಿತು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಬಸ್ಸಿನ ಬೋರ್ಡಿನಲ್ಲಿ ಮಲಯಾಳ, ಸಂಜೆಯಾದರೆ ಚೆಂಡು. ಪಕ್ಕದ ಮೊಗ್ರಾಲಿನಲ್ಲಂತೂ ಮಾಪಿಳ್ಳೆ ಹಾಡು ಬಿಟ್ಟರೆ ಫುಟ್ಬಾಲಿನದೇ ಮಾತು. ಜಿಲ್ಲೆಯ ಆ ತುದಿಯ ತೃಕ್ಕರಿಪುರದ ಮೊಹಮ್ಮದ್ ರಾಫಿ 2016ರ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಫೈನಲ್‌ನಲ್ಲಿ ತಲೆಯಿಂದ ಗೋಲು ಹೊಡೆದಾಗ ನಾವು ಕಿರುಚಿದ್ದು ಇನ್ನೂ ನೆನಪಿದೆ.

ಇಲ್ಲಿನ ಆಟ ಸೆವೆನ್ಸ್. ಒಂದು ತಂಡಕ್ಕೆ ಏಳೇ ಜನ. ಕೊಯ್ಲು ಮುಗಿದ ಬೈಲಿನಲ್ಲಿ ಅಡಿಕೆ ಮರ, ಬಿದಿರು ಕಟ್ಟಿ ಗ್ಯಾಲರಿ ಮಾಡಿ, ಲೈಟು ಹಾಕಿ ರಾತ್ರಿ ಆಡಿಸುತ್ತಾರೆ. ನೋಡಲಿಕ್ಕೆ ಭಾರೀ ಚಂದ. ಆದರೆ ಅದು ನಾಕೌಟ್, ಸೋತವರು ಅವತ್ತೇ ಮನೆಗೆ. ಇಡೀ ವರ್ಷ ಪ್ರಾಕ್ಟೀಸ್ ಮಾಡಿದ ಹುಡುಗರಿಗೆ ಸಿಗುವುದು ಒಂದೇ ಪಂದ್ಯ, ಅದೂ ದುಡ್ಡಿರುವ ತಂಡಗಳು ಮಲಪ್ಪುರಂನಿಂದ, ಆಫ್ರಿಕಾದಿಂದ ಆಟಗಾರರನ್ನು ಕರೆಸಿದರೆ ಊರಿನ ಹುಡುಗರು ಗ್ಯಾಲರಿಯಲ್ಲಿ ಕೂತು ಚಪ್ಪಾಳೆ ತಟ್ಟಬೇಕು. ಅದು ನಮಗೆ ಸರಿ ಕಾಣಲಿಲ್ಲ.

ಹಾಗಾಗಿ ಸುತ್ತಲಿನ ಎಂಟು ಕ್ಲಬ್‌ನವರು ಒಂದು ಸಂಜೆ ಕೂತೆವು. ಎಲ್ಲರೂ ಎಲ್ಲರ ಜೊತೆ ಆಡಬೇಕು, ಒಟ್ಟು 28 ಪಂದ್ಯ, ಭಾನುವಾರಕ್ಕೆ ನಾಲ್ಕರಂತೆ ಏಳು ಭಾನುವಾರ. ಊರಿನವರು ಮಾತ್ರ ಆಡಬೇಕು. ಇಷ್ಟು ಅರ್ಧ ಗಂಟೆಯಲ್ಲಿ ಮುಗಿಯಿತು.

ಕಷ್ಟವಾದದ್ದು ದಿನ ಹುಡುಕುವುದು. ಒಂದು ಭಾನುವಾರ ಕೋಲ, ಇನ್ನೊಂದಕ್ಕೆ ಉರೂಸ್, ಮತ್ತೊಂದಕ್ಕೆ ಬೈಲಾಟ, ಆಮೇಲೆ ರಂಜಾನ್, ಅದರ ಹಿಂದೆಯೇ ಪರೀಕ್ಷೆ, ಜೂನ್ ಬಂದರೆ ಬೈಲಿನಲ್ಲಿ ಮೊಣಕಾಲಿನವರೆಗೆ ನೀರು. ಕ್ಯಾಲೆಂಡರ್ ಗೋಡೆಯಿಂದ ತೆಗೆದು ನೆಲದ ಮೇಲಿಟ್ಟು, ಒಂದೊಂದು ಕ್ಲಬ್ಬೂ ತನ್ನ ಊರಿನ ಹಬ್ಬಕ್ಕೆ ಗೆರೆ ಎಳೆಯಿತು. ಯಾರ ಹಬ್ಬದ ದಿನವೂ ಪಂದ್ಯ ಇಡಬಾರದು ಅಂತ ಮೊದಲ ನಿಯಮವನ್ನೇ ಬರೆದೆವು. ನನಗೆ ಅತಿ ಇಷ್ಟವಾದ ನಿಯಮ ಅದು.

ಅದನ್ನು ಯಾವ ಭಾಷೆಯಲ್ಲಿ ಬರೆಯುವುದು ಅಂತಲೂ ಸ್ವಲ್ಪ ಬಿಸಿಯಾಯಿತು. ಇಲ್ಲಿ ಭಾಷೆ ಅಂದರೆ ಸಣ್ಣ ವಿಷಯ ಅಲ್ಲ, ಅಲ್ವಾ? ಕೊನೆಗೆ ಹಾಳೆಯ ಒಂದು ಬದಿ ಕನ್ನಡ, ಇನ್ನೊಂದು ಬದಿ ಮಲಯಾಳ. ಮೈದಾನದಲ್ಲಿ ಮಾತ್ರ ತುಳು, ಬ್ಯಾರಿ, ಮಲಯಾಳ ಎಲ್ಲ ಒಟ್ಟಿಗೆ. ಪಾಸ್ ಕೊಡು ಅಂತ ಯಾವುದರಲ್ಲಿ ಕೂಗಿದರೂ ಚೆಂಡು ಬರುತ್ತದೆ.

ಜೆರ್ಸಿಗೆ ದುಬೈಯಲ್ಲಿರುವ ಹುಡುಗರು ದುಡ್ಡು ಕಳಿಸಿದರು. ಸೀಟಿ ಊದಲು ಡ್ರಿಲ್ ಮಾಸ್ಟರು ಒಪ್ಪಿದರು. ಮೊದಲ ವರ್ಷ ಒಂದು ತಂಡ ಸಾಲಾಗಿ ಆರು ಪಂದ್ಯ ಸೋತಿತು. ಏಳನೇ ಭಾನುವಾರ ಅವರು ಬರುವುದಿಲ್ಲ ಅಂತಲೇ ನಾವು ಅಂದುಕೊಂಡಿದ್ದೆವು. ಎಲ್ಲರಿಗಿಂತ ಮೊದಲು ಬಂದು ಸುಣ್ಣದ ಗೆರೆ ಎಳೆಯುತ್ತಿದ್ದರು.

ನೋಡಬೇಕಿದ್ದರೆ ಕೊಯ್ಲು ಮುಗಿದ ಮೇಲೆ ಬನ್ನಿ. ಕುಂಬಳೆಯಲ್ಲಿ ರೈಲು ಇಳಿದು ಆಟ ಎಲ್ಲಿ ಅಂತ ಕೇಳಿ, ಕನ್ನಡದಲ್ಲೇ ಕೇಳಿ.