ಕಾಲಿನ ಬೆರಳುಗಳ ಮಧ್ಯೆ ಉರಿ, ಎಕ್ಸ್‌ರೇ ನಾರ್ಮಲ್, ಎಂತ ಮಾಡುದು?

ಉಡುಪಿಯಲ್ಲಿ ಜವಳಿ ಅಂಗಡಿ ಕೆಲಸ, ಇಡೀ ದಿನ ನಿಂತೇ ಇರ್ಬೇಕು, ಮಧ್ಯಾಹ್ನ ಕಳೆದ ಮೇಲೆ ಬಲಗಾಲಿನ ಮೂರನೇ ನಾಲ್ಕನೇ ಬೆರಳಿನ ಸಂದಿಯಲ್ಲಿ ಉರಿ, ಶೂ ಬಿಚ್ಚಿ ತಿಕ್ಕಿದ್ರೆ ಕಮ್ಮಿ, ಎಕ್ಸ್‌ರೇಯಲ್ಲಿ ಏನೂ ಇಲ್ಲ, ಮನೆಯವ್ರು ಶುಗರ್ ಹೇಳ್ತಾರೆ ಅಂತ ಬರ್ದಿದ್ದೀರಿ. ನಾನು ಮಂಗಳೂರಲ್ಲಿ ಸಿಟಿ ಬಸ್ ಕಂಡಕ್ಟರ್, ನಂಗೂ ಇದೇ ಜಾಗದಲ್ಲಿ ಇದೇ ನೋವು ಉಂಟು, ಡ್ರೈವರ್ ಬ್ರೇಕ್ ಹಾಕಿದಾಗೆಲ್ಲ ಮುಂಗಾಲು ಊರಿ ನಿಲ್ಲುದಲ್ವಾ ನಾವು.

ನಂಗೆ ಡಾಕ್ಟ್ರು ಹೇಳಿದ್ದು ಮಾರ್ಟನ್ಸ್ ನ್ಯೂರೋಮ ಅಂತ. 1876ರಲ್ಲಿ ಮಾರ್ಟನ್ ಅಂತ ಅಮೆರಿಕದ ಸರ್ಜನ್ ಇದರ ಬಗ್ಗೆ ಬರ್ದಿದ್ದಂತೆ. ಹೆಸ್ರು ಕೇಳಿ ಹೆದ್ರಬೇಡಿ, ಕ್ಯಾನ್ಸರ್ ಗಡ್ಡೆ ಅಲ್ಲ. ಬೆರಳಿಗೆ ಹೋಗುವ ನರ ಪಾದದ ಎಲುಬುಗಳ ಮಧ್ಯೆ ಒಂದು ಗಟ್ಟಿ ಪಟ್ಟಿಯ ಅಡಿಯಿಂದ ಹಾದು ಹೋಗ್ತದೆ, ಹಿಮ್ಮಡಿ ಎದ್ದು ಬೆರಳು ಮಡಚಿದಾಗ ಆ ಪಟ್ಟಿಗೆ ಒತ್ತಿ ಒತ್ತಿ ನರದ ಸುತ್ತ ದಪ್ಪ ಆಗ್ತದೆ. ಎಕ್ಸ್‌ರೇಯಲ್ಲಿ ನರ ಕಾಣುದಿಲ್ಲ ಮಾರಾಯ್ರೆ, ಹಾಗಾಗಿ ನಾರ್ಮಲ್ ಬಂದದ್ದು. ಎಲುಬಿನ ಡಾಕ್ಟ್ರು ಪಾದವನ್ನು ಎರಡೂ ಬದಿಯಿಂದ ಅಮುಕಿ ನೋಡ್ತಾರೆ, ಕೆಲವ್ರಿಗೆ ಒಳಗೆ ಟಕ್ ಅಂತದೆ, ಡೌಟ್ ಇದ್ರೆ ಅಲ್ಟ್ರಾಸೌಂಡ್. ಶುಗರಿನ ನರದ ಉರಿ ಸಾಮಾನ್ಯ ಎರಡೂ ಕಾಲಿಗೆ ಬರುದು, ಬೆರಳ ತುದಿಯಿಂದ ಸುರು ಆಗಿ ಮೇಲೆ ಏರ್ತದೆ, ಆದ್ರೂ ಒಮ್ಮೆ ರಕ್ತ ಟೆಸ್ಟ್ ಮಾಡಿಸಿ, ಮನೆಯವ್ರ ಬಾಯಿ ಮುಚ್ಚುತ್ತದೆ.

ಮೊದ್ಲು ಶೂ ನೋಡಿ. ಪೇಪರಿನ ಮೇಲೆ ಬರಿಗಾಲಲ್ಲಿ ನಿಂತು ಪಾದದ ಸುತ್ತ ಗೆರೆ ಎಳೀರಿ, ಆಮೇಲೆ ಅದ್ರ ಮೇಲೆ ಶೂ ಇಡಿ, ಗೆರೆ ಹೊರಗೆ ಕಂಡ್ರೆ ಆ ಶೂ ನಿಮ್ಗಲ್ಲ. ಹೊಸದು ತಗೊಳ್ಳುದಾದ್ರೆ ಸಂಜೆ ಹೋಗಿ, ಕಾಲು ಸ್ವಲ್ಪ ಊದಿರ್ತದೆ. ಮುಂದೆ ಅಗಲ ಇರ್ಬೇಕು, ಹೀಲ್ಸ್ ಬೇಡವೇ ಬೇಡ, ಮನೆಯ ಟೈಲ್ಸ್ ಮೇಲೂ ಮೆತ್ತಗಿನ ಚಪ್ಪಲಿ ಹಾಕಿ.

ಆಮೇಲೆ ಮೆಟಟಾರ್ಸಲ್ ಪ್ಯಾಡ್, ಅಂದ್ರೆ ಶೂ ಒಳಗೆ ಮುಂಗಾಲಿನ ಅಡಿಗೆ ಅಂಟಿಸುವ ಸಣ್ಣ ಮೆತ್ತೆ, ಮೆಡಿಕಲಲ್ಲಿ ಕೇಳಿದ್ರೆ ಸಿಗ್ತದೆ, ಆದ್ರೆ ಎಲ್ರೂ ಅದನ್ನು ನೋವು ಇರುವಲ್ಲೇ ಅಂಟಿಸುದು, ಆಗ ನೋವು ಜಾಸ್ತಿ ಆಗಿ ಪ್ಯಾಡೇ ಸರಿ ಇಲ್ಲ ಅಂತ ಬಿಸಾಡ್ತಾರೆ. ನೋವಿನ ಜಾಗಕ್ಕೆ ಒದ್ದೆ ಕುಂಕುಮ ಒಂದು ಬೊಟ್ಟು ಇಟ್ಟು ಶೂ ಒಳಗೆ ಕಾಲು ಹಾಕಿ ನಿಲ್ಲಿ, ಒಳಗೆ ಕೆಂಪು ಕಲೆ ಬೀಳ್ತದೆ, ಪ್ಯಾಡು ಆ ಕಲೆಗಿಂತ ಸ್ವಲ್ಪ ಹಿಂದೆ, ಹಿಮ್ಮಡಿ ಕಡೆಗೆ ಬರ್ಬೇಕು, ಅದು ಹಿಂದಿನಿಂದ ಎತ್ತಿ ಎಲುಬುಗಳನ್ನು ಅಗಲ ಮಾಡುದು. ನಮ್ಮ ಮಳೆಗಾಲಕ್ಕೆ ಬಟ್ಟೆಯದ್ದು ಬೇಡ, ಒಣಗುದೇ ಇಲ್ಲ, ವಾಸನೆ, ಜೆಲ್ಲಿಂದು ತಗೊಳ್ಳಿ. ಮೀನಖಂಡ ಬಿಗಿ ಇದ್ರೂ ಭಾರ ಎಲ್ಲ ಮುಂಗಾಲಿಗೇ ಬೀಳ್ತದೆ, ಗೋಡೆಗೆ ಕೈ ಕೊಟ್ಟು ಹಿಂದಿನ ಕಾಲು ನೇರ ಇಟ್ಟು ದಿನಾ ಎಳೀರಿ. ಇದು ಒಂದೆರಡು ದಿನದಲ್ಲಿ ಹೋಗುವ ನೋವಲ್ಲ, ವಾರಗಟ್ಲೆ ಬೇಕು.

ಇಷ್ಟಕ್ಕೂ ಬಗ್ಗದಿದ್ರೆ ಸ್ಟೀರಾಯ್ಡ್ ಇಂಜೆಕ್ಷನ್ ಉಂಟು, ಮತ್ತೆ ಮತ್ತೆ ಚುಚ್ಚಿಸಿದ್ರೆ ಪಾದದ ಅಡಿಯ ಕೊಬ್ಬು ಸವೀತದೆ, ಜಾಗ್ರತೆ. ಆಪರೇಷನ್ ಕೊನೆಗೆ, ನರವನ್ನೇ ತೆಗೆದ್ರೆ ಆ ಬೆರಳ ಸಂದಿ ಮರಗಟ್ಟಿಯೇ ಇರ್ತದೆ. ಪಾದದ ಮೇಲೆ ಊತ ಬಂದು ಎಲುಬು ಒತ್ತಿದ್ರೆ ನೋವಾದ್ರೆ ಮಾತ್ರ ಬೇಗ ಪುನಃ ತೋರಿಸಿ, ಸಣ್ಣ ಬಿರುಕು ಸುರುವಿಗೆ ಎಕ್ಸ್‌ರೇಯಲ್ಲಿ ಕಾಣದೆ ಇರ್ಬಹುದು.

ಮತ್ತೆ ನಿಮ್ಮ ಧಣಿಗಳ ಹತ್ರ ಒಂದು ಸ್ಟೂಲ್ ಕೇಳಿ. ಇಲ್ಲೇ ಪಕ್ಕದ ಕಾಸರಗೋಡಲ್ಲಿ ಅಂಗಡಿ ಕೆಲಸದವ್ರಿಗೆ ಕೂತ್ಕೊಳ್ಳುವ ಹಕ್ಕು ಕಾನೂನಲ್ಲೇ ಉಂಟು, ಕೇರಳ 2018ರಲ್ಲಿ ಮಾಡಿದ್ದು. ಗಿರಾಕಿ ಇಲ್ಲದ ಹೊತ್ತಲ್ಲಿ ನೀವು ಕೂತ್ರೆ ಅವ್ರ ಗಂಟು ಎಂತ ಹೋಗ್ತದೆ?