ಫುಲ್ ಫ್ರೇಮ್ ಬಂದ್ಮೇಲೆ ಚಿಕ್ಕ ಸೆನ್ಸರ್ ಕ್ಯಾಮೆರಾಗಳ ಕಥೆ ಮುಗೀತಾ?

ಇಲ್ಲ ಅನ್ಸುತ್ತೆ ನಂಗೆ. ಫುಲ್ ಫ್ರೇಮ್ ಅಂದ್ರೆ 36×24 ಮಿ.ಮೀ. ಸೆನ್ಸರ್ (ಬೆಳಕನ್ನ ಚಿತ್ರ ಮಾಡೋ ಚಿಪ್), ಅದಕ್ಕಿಂತ ಚಿಕ್ಕದಾದ ಎಪಿಎಸ್-ಸಿ ಅನ್ನೋ ಸೆನ್ಸರ್ ಸುಮಾರು 23.5×15.6, ಏರಿಯಾ ಲೆಕ್ಕದಲ್ಲಿ ಎರಡು ಪಟ್ಟಿಗಿಂತ ಜಾಸ್ತಿ ವ್ಯತ್ಯಾಸ, ಹಾಗಾಗಿ ಒಂದು ಸಿಲಿಕಾನ್ ವೇಫರ್‌ನಲ್ಲಿ (ಚಿಪ್‌ಗಳನ್ನ ಕತ್ತರಿಸಿ ತೆಗೆಯೋ ತೆಳು ತಟ್ಟೆ) ಫುಲ್ ಫ್ರೇಮ್ ಸೆನ್ಸರ್ ಕಮ್ಮಿ ಸಿಗ್ತವೆ, ಅದ್ರಲ್ಲೂ ಎಲ್ಲೋ ಒಂದು ಸಣ್ಣ ದೋಷ ಬಂದ್ರೆ ಅಷ್ಟು ದೊಡ್ಡ ತುಂಡೇ ವೇಸ್ಟು, ಈ ಖರ್ಚು ಪೂರ್ತಿ ಹೋಗೋದಲ್ಲ. ಕಮ್ಮಿ ಬೆಳಕಲ್ಲಿ ಫುಲ್ ಫ್ರೇಮಲ್ಲಿ ನಾಯ್ಸ್ (ಫೋಟೋದಲ್ಲಿ ಕಾಣೋ ಚುಕ್ಕೆಚುಕ್ಕೆ) ಕಮ್ಮಿ ಬರುತ್ತೆ, ಅದನ್ನ ಒಪ್ಕೋತೀನಿ. ಆದ್ರೆ ಹಕ್ಕಿ ಫೋಟೋ ತೆಗೆಯೋರನ್ನ ಕೇಳಿ ನೋಡಿ, ಎಪಿಎಸ್-ಸಿ ಕ್ಯಾಮೆರಾಗೆ 300 ಮಿ.ಮೀ. ಲೆನ್ಸ್ ಹಾಕಿದ್ರೆ ಫುಲ್ ಫ್ರೇಮಲ್ಲಿ 450 ಮಿ.ಮೀ. ಲೆನ್ಸ್ ಹಾಕಿದಷ್ಟು ಹತ್ರ ಕಾಣುತ್ತೆ, ಫುಲ್ ಫ್ರೇಮಲ್ಲಿ ಅದೇ ಬೇಕಂದ್ರೆ ಇನ್ನೂ ಉದ್ದದ, ಭಾರದ ಲೆನ್ಸ್ ಹೊರಬೇಕು (ಫೋಟೋನ ಸುತ್ತ ಕತ್ತರಿಸಿ ಕ್ರಾಪ್ ಮಾಡ್ಬಹುದು, ಆದ್ರೆ ಮೆಗಾಪಿಕ್ಸೆಲ್ ಕಮ್ಮಿ ಆಗುತ್ತೆ). ಚಿಕ್ಕ ಸೆನ್ಸರ್‌ಗೆ ನಿಜವಾದ ಏಟು ಕೊಟ್ಟಿದ್ದು ಫೋನು, ಕಾಂಪ್ಯಾಕ್ಟ್ ಕ್ಯಾಮೆರಾಗಳನ್ನ ನುಂಗಿದ್ದು ಅದೇ, ಫುಲ್ ಫ್ರೇಮ್ ಅಲ್ಲ.