ಅಜ್ಜ ಬರೆಸಿದ ಹುಟ್ಟೂರು ನಿಜವೇ?

ಪ್ರಶ್ನೆ: ನಾನು ಶಿವಮೊಗ್ಗದವಳು, ಮದುವೆಯಾಗಿ ಮೆಲ್ಬರ್ನ್‌ನಲ್ಲಿದ್ದೇನೆ. ನನ್ನ ಗಂಡನ ಅಜ್ಜ ಉಕ್ರೇನಿನವರು. ಎರಡನೇ ಮಹಾಯುದ್ಧ ಮುಗಿದ ಮೇಲೆ ಜರ್ಮನಿಯ ನಿರಾಶ್ರಿತರ ಶಿಬಿರದಲ್ಲಿದ್ದು, 1949ರಲ್ಲಿ ಹಡಗು ಹತ್ತಿ ಇಲ್ಲಿಗೆ ಬಂದರಂತೆ. ಹಿಂದಿನದನ್ನು ಕೊನೆಯವರೆಗೂ ಬಾಯಿಬಿಟ್ಟು ಹೇಳಲಿಲ್ಲ. ಕಾಗದದಲ್ಲಿ ಅವರ ಹುಟ್ಟೂರು ಪೋಲೆಂಡಿನ ಲ್ವುವ್ ಹತ್ತಿರ ಎಂದಿದೆ. ನಮ್ಮ ಅತ್ತೆ ಮಾತ್ರ, ಅದು ಸುಳ್ಳು, ಅಪ್ಪ ಪೋಲ್ಟಾವಾ ಕಡೆಯವರು ಎನ್ನುತ್ತಾರೆ. ಯಾವುದನ್ನು ನಂಬುವುದು? ಎಲ್ಲಿ ಹುಡುಕುವುದು?

ಉತ್ತರ: ಅತ್ತೆಯ ಮಾತನ್ನು ತಳ್ಳಿಹಾಕಬೇಡಿ. ಸರ್ಕಾರಿ ಮೊಹರು ಬಿದ್ದಿದೆ ಎಂದ ಮಾತ್ರಕ್ಕೆ ಕಾಗದ ನಿಜವನ್ನೇ ಹೇಳಬೇಕೆಂದಿಲ್ಲ. ನಮ್ಮಲ್ಲಿ ಅರ್ಧ ಊರಿನ ಹಿರಿಯರು ಶಾಲಾ ದಾಖಲೆಯಲ್ಲಿ ಜೂನ್ 1ರಂದೇ ಹುಟ್ಟಿಲ್ಲವೇ? ಅದು ಮೇಷ್ಟ್ರ ಅನುಕೂಲಕ್ಕೆ ಹುಟ್ಟಿದ ತಾರೀಕು. ಈ ಶಿಬಿರಗಳಲ್ಲಿ ಹುಟ್ಟೂರನ್ನು ಬದಲಿಸಿದ್ದು ಭಯ.

1945ರ ಫೆಬ್ರುವರಿಯಲ್ಲಿ ಯಾಲ್ಟಾದಲ್ಲಿ ಆದ ಒಪ್ಪಂದದಂತೆ, ಸೋವಿಯತ್ ಪ್ರಜೆಗಳನ್ನು ಮಿತ್ರಪಡೆಗಳು ಸೋವಿಯತ್ ಅಧಿಕಾರಿಗಳಿಗೆ ಒಪ್ಪಿಸಬೇಕಿತ್ತು. ಒಲ್ಲೆ ಎಂದ ಬಹಳ ಜನರನ್ನು ಬಲವಂತದಿಂದಲೇ ಸಾಗಿಸಿದರು. ಜರ್ಮನರ ಕಾರ್ಖಾನೆಯಲ್ಲಿ ಜೀತಕ್ಕಿದ್ದವನೂ ಊರಿಗೆ ಹೋದರೆ ದೇಶದ್ರೋಹಿಯ ಅನುಮಾನಕ್ಕೆ ಗುರಿಯಾಗುತ್ತಿದ್ದ. ಲ್ವುವ್ 1939ರವರೆಗೆ ಪೋಲೆಂಡಿನಲ್ಲಿತ್ತು, ಪೋಲ್ಟಾವಾ ಸೋವಿಯತ್ ನೆಲದಲ್ಲಿತ್ತು. 'ಲ್ವುವ್ ಕಡೆಯವನು' ಎಂದು ಬರೆಸಿದರೆ ಸೋವಿಯತ್ ಪ್ರಜೆಯಲ್ಲ ಎಂದಾಗಿ, ಊರಿಗೆ ಸಾಗಿಸುವ ರೈಲು ತಪ್ಪುತ್ತಿತ್ತು. ಅಜ್ಜ ಹಾಗೆ ಬರೆಸಿದ್ದರೆ ಅಂಥ ಸಾವಿರಾರು ಜನರಲ್ಲಿ ಅವರೂ ಒಬ್ಬರು. ಆದರೆ ಅದನ್ನು ಊಹೆಯಾಗಿಯೇ ಇಟ್ಟುಕೊಂಡು ದಾಖಲೆ ತೆಗೆಯಿರಿ.

ಹುಡುಕಾಟ ಜರ್ಮನಿಯ ಬಾಡ್ ಆರೋಲ್ಸೆನ್ ಎಂಬ ಸಣ್ಣ ಊರಿನಿಂದ ಶುರುವಾಗಲಿ. ಅಲ್ಲಿನ 'ಆರೋಲ್ಸೆನ್ ಆರ್ಕೈವ್ಸ್' ಹಿಂದೆ ಇಂಟರ್‌ನ್ಯಾಷನಲ್ ಟ್ರೇಸಿಂಗ್ ಸರ್ವಿಸ್ ಆಗಿತ್ತು. ಸುಮಾರು 1.75 ಕೋಟಿ ಜನರ ಮಾಹಿತಿ ಅಲ್ಲಿದೆ. 2007ರವರೆಗೆ ಸಂಶೋಧಕರಿಗೂ ಬಾಗಿಲು ತೆರೆದಿರಲಿಲ್ಲ. ಈಗ ದಾಖಲೆಗಳ ಬಹುಪಾಲು ಅಂತರ್ಜಾಲದಲ್ಲಿದೆ. ಕುಟುಂಬದವರು ಅರ್ಜಿ ಹಾಕಿದರೆ ಉಚಿತವಾಗಿ ಹುಡುಕಿಕೊಡುತ್ತಾರೆ, ಆದರೆ ತಿಂಗಳುಗಟ್ಟಲೆ ಕಾಯಬೇಕು.

ಹೆಸರನ್ನು ಒಂದೇ ಕಾಗುಣಿತದಲ್ಲಿ ಹುಡುಕಿ ಸೋತು ಕೂರಬೇಡಿ. ಮನೆಯಲ್ಲಿ ಹ್ರಿಹೋರಿ ಆಗಿದ್ದವನು ರಷ್ಯನ್ ಗುಮಾಸ್ತನಿಗೆ ಗ್ರಿಗೋರಿ, ಪೋಲಿಷ್ ಗುಮಾಸ್ತನಿಗೆ ಗ್ಜೆಗೋಶ್, ಜರ್ಮನ್ನನಿಗೆ ಗ್ರೆಗೋರ್. ಊರಿನದೂ ಅದೇ ಪಾಡು: ಲ್ವುವ್, ಲ್ವಿವ್, ಲ್ವೋವ್, ಲೆಂಬರ್ಗ್ ಎಲ್ಲವೂ ಒಂದೇ. ಹುಟ್ಟಿದ ತಾರೀಕನ್ನು ಜೊತೆಗಿಟ್ಟುಕೊಂಡು ಹುಡುಕಿ, ಅದೂ ಒಂದೆರಡು ವರ್ಷ ಆಚೀಚೆ ಇರಬಹುದೆಂಬ ಎಚ್ಚರದಲ್ಲಿ.

ಎರಡು ಬಗೆಯ ಕಾಗದ ಕೈಗೆ ಬರಬಹುದು. ಒಂದು, ಹೆಸರು ನೋಂದಾಯಿಸಿದಾಗ ತುಂಬಿದ ಡಿಪಿ-2 ಕಾರ್ಡು. ಡಿಪಿ ಎಂದರೆ ಡಿಸ್‌ಪ್ಲೇಸ್ಡ್ ಪರ್ಸನ್, ನೆಲೆ ತಪ್ಪಿದವರು. ಇದರಲ್ಲಿ ತಾಯಿಯ ತವರಿನ ಹೆಸರು, ಕಸುಬು, ಹೋಗಬೇಕೆಂದಿರುವ ಜಾಗದ ಜೊತೆಗೆ ಬಲ್ಲ ಭಾಷೆಗಳನ್ನು ಹಿಡಿತದ ಕ್ರಮದಲ್ಲಿ ಬರೆಸುತ್ತಿದ್ದರು. ನಾನಾದರೆ ಮೊದಲು ನೋಡುವುದು ಆ ಸಾಲನ್ನು. ಪೋಲೆಂಡಿನಲ್ಲೇ ಬೆಳೆದೆ ಎನ್ನುವವರ ಪಟ್ಟಿಯಲ್ಲಿ ಉಕ್ರೇನಿಯನ್ ಆದಮೇಲೆ ರಷ್ಯನ್ ಬಂದು, ಪೋಲಿಷ್ ಇಲ್ಲದಿದ್ದರೆ, ಅಲ್ಲಿ ನಿಲ್ಲಿ. ಆಮೇಲೆ ಕೆಳಗಿನ ಸಹಿ. ಕಾರ್ಡಿನ ಉಳಿದದ್ದನ್ನು ಬೇರೆಯವರು ತುಂಬಿರಬಹುದು. ಸಹಿ ಅಜ್ಜನದೇ ಕೈ. ಅದು ಯಾವ ಲಿಪಿಯಲ್ಲಿದೆ, ಪೋಲಿಷ್ ಬರೆಯುವ ರೋಮನ್ ಲಿಪಿಯೋ, ಉಕ್ರೇನಿಯನ್, ರಷ್ಯನ್ ಬರೆಯುವ ಸಿರಿಲಿಕ್ ಲಿಪಿಯೋ?

ಇನ್ನೊಂದು, ಅಂತರರಾಷ್ಟ್ರೀಯ ನಿರಾಶ್ರಿತರ ಸಂಸ್ಥೆ ನೆರವಿಗಾಗಿ ತುಂಬಿಸುತ್ತಿದ್ದ ಸಿಎಂ-1 ಅರ್ಜಿ. ಹಿಂದಿನ ಹನ್ನೆರಡು ವರ್ಷ ಎಲ್ಲಿದ್ದಿರಿ, ಏನು ಕೆಲಸ ಮಾಡಿದಿರಿ, ಊರಿಗೆ ಏಕೆ ಹೋಗುವುದಿಲ್ಲ ಎಂದು ಅದು ಕೇಳುತ್ತದೆ. ಎಲ್ಲರದೂ ಉಳಿದಿಲ್ಲ, ಸಿಕ್ಕರೆ ಅದೃಷ್ಟ.

ನಿಮ್ಮ ಬಳಿಯೇ ಇರುವ ಗಣಿಯನ್ನು ಮರೆಯಬೇಡಿ. 1947ರಿಂದ ಕೆಲವೇ ವರ್ಷಗಳಲ್ಲಿ ಆಸ್ಟ್ರೇಲಿಯಾ ಸುಮಾರು 1,70,000 ಡಿಪಿಗಳನ್ನು ಬರಮಾಡಿಕೊಂಡಿತು. ಸರ್ಕಾರ ತೋರಿಸಿದ ಕಡೆ ಎರಡು ವರ್ಷ ದುಡಿಯಬೇಕೆಂಬುದು ಷರತ್ತು. ಬಹಳ ಮಂದಿ ಮೊದಲು ಇಳಿದದ್ದು ವಿಕ್ಟೋರಿಯಾದ ಬೊನೆಗಿಲ್ಲಾ ಶಿಬಿರದಲ್ಲಿ. ಅಲ್ಲಿನ ನೋಂದಣಿ ಕಾರ್ಡುಗಳೂ ವಲಸೆ ಆಯ್ಕೆಯ ಕಡತಗಳೂ ಆಸ್ಟ್ರೇಲಿಯಾದ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಅಜ್ಜನ ಹರೆಯದ ಫೋಟೊ ಕೂಡ ಸಿಗಬಹುದು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಶಿಬಿರಗಳಲ್ಲಿ ಜೀತಕ್ಕೆ ಸಿಕ್ಕವರಿದ್ದರು, ಜರ್ಮನರ ಪರ ಬಂದೂಕು ಹಿಡಿದವರೂ ನುಸುಳಿದ್ದರು. ಯಾವ ಕಾಗದ ಬಂದರೂ ಅತ್ತೆಗೆ ತೋರಿಸುವ ಮುನ್ನ ನೀವಿಬ್ಬರು ಓದಿಕೊಳ್ಳಿ.

ಪ್ರಶ್ನೆ: ನಮ್ಮ ತಾತ ನಿಪ್ಪಾಣಿಯಿಂದ ಕೊಲ್ಹಾಪುರದ 'ಬಿಳಿಯರ ಕ್ಯಾಂಪಿಗೆ' ತರಕಾರಿ ಒಯ್ಯುತ್ತಿದ್ದರಂತೆ. ಹಾಗೊಂದು ಕ್ಯಾಂಪ್ ಇತ್ತೇ?

ಉತ್ತರ: ಇತ್ತು, ಕೊಲ್ಹಾಪುರದ ಪಕ್ಕದ ವಳಿವಡೆಯಲ್ಲಿ. ಸೋವಿಯತ್ ಸರ್ಕಾರ ಪೂರ್ವ ಪೋಲೆಂಡಿನಿಂದ ಸೈಬೀರಿಯಾ, ಕಜಕಸ್ತಾನಗಳಿಗೆ ಅಟ್ಟಿದ್ದ ಕುಟುಂಬಗಳು ಬಿಡುಗಡೆಯಾಗಿ, ಇರಾನ್ ದಾಟಿ ಬಂದಿದ್ದವು. 1943ರಿಂದ 1948ರವರೆಗೆ ಸುಮಾರು ಐದು ಸಾವಿರ ಪೋಲರು ಅಲ್ಲಿದ್ದರು, ಹೆಚ್ಚಿನವರು ಹೆಂಗಸರು, ಮಕ್ಕಳು. ಅವರ ಹೆಸರುಗಳಿಗೆ ಲಂಡನ್ನಿನ ಪೋಲಿಷ್ ಇನ್‌ಸ್ಟಿಟ್ಯೂಟ್ ಮತ್ತು ಸಿಕೋರ್ಸ್ಕಿ ಮ್ಯೂಸಿಯಂ ಅನ್ನು ಕೇಳಬಹುದು. ತರಕಾರಿ ತಂದವರ ಹೆಸರು ಅಲ್ಲಿ ಸಿಗುವುದು ಕಷ್ಟ. ತಾತನ ಲೆಕ್ಕದ ಪುಸ್ತಕ ಅಟ್ಟದ ಮೇಲೆ ಉಳಿದಿದೆಯೇ ನೋಡಿ. ಪೋಲರು ಹೋದಮೇಲೆ ಆ ಜಾಗಕ್ಕೆ ದೇಶ ವಿಭಜನೆಯಲ್ಲಿ ಮನೆ ಕಳೆದುಕೊಂಡ ಸಿಂಧಿಗಳು ಬಂದರು. ಈಗ ಅದರ ಹೆಸರು ಗಾಂಧಿನಗರ. ಸಗಟು ಬಟ್ಟೆ ತರಲು ನಿಮ್ಮ ಕಡೆಯವರು ಹೋಗುವ ಪೇಟೆಯೇ ಅದು.